ನಲವತ್ತು ರವಿಕೆ, ಒಂದು ವಾಚನ

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ಮರುದಿನವೇ ನಮ್ಮ ಚರ್ಚಿನ ಧರ್ಮಕೇಂದ್ರದಿಂದ ಫೋನ್ ಬಂತು. ಶುಕ್ರವಾರ ಸಂಜೆಯ ಪೂಜೆಯಲ್ಲಿ ಮೊದಲನೆಯ ಬೈಬಲ್ ವಾಚನ ನನ್ನದು: ಪ್ರವಾದಿ ಯೆಶಾಯನ ಗ್ರಂಥದ 58ನೆಯ ಅಧ್ಯಾಯ, ಒಂದರಿಂದ ಒಂಬತ್ತನೆಯ ವಚನದವರೆಗೆ. ಪ್ರತಿ ವರ್ಷ ಆ ಶುಕ್ರವಾರಕ್ಕೆ ಅದೇ ಪಾಠ. ಕುಳಿತು ಎಷ್ಟೋ ಸಲ ಕೇಳಿದ್ದೆ, ಎದ್ದು ನಿಂತು ಓದಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಕತ್ತರಿಸುವುದು, ಹೊಲಿಯುವುದು ನಾನು. ಹುಕ್ ಹಾಕುವುದು, ಅಂಚಿನ ಕೈಹೊಲಿಗೆ ಹಿಂದಿನ ಬೀದಿಯ ಹೆಂಗಸೊಬ್ಬಳ ಕೆಲಸ. ರವಿಕೆಗೆ 15 ರೂಪಾಯಿ. ಆ ವಾರ ನಲವತ್ತು ರವಿಕೆ ಮುಗಿಸಿದ್ದಳು, 600 ರೂಪಾಯಿ ಆಗಬೇಕಿತ್ತು. ಅದರಲ್ಲಿ ಒಂದು ರೇಷ್ಮೆ ರವಿಕೆಗೆ ಇಸ್ತ್ರಿ ಕಲೆ ಬಿದ್ದಿತ್ತೆಂದು 150 ಮುರಿದುಕೊಳ್ಳುವುದಾಗಿ ಹೇಳಿದ್ದೆ. ಉಳಿದದ್ದನ್ನು ತಿಂಗಳ ಕೊನೆಗೆ ಕೊಡುವೆನೆಂದಿದ್ದೆ. ಇಸ್ತ್ರಿಪೆಟ್ಟಿಗೆ ನನ್ನದು. ಅದು ಒಮ್ಮೊಮ್ಮೆ ತಾನಾಗಿಯೇ ಮಿತಿಮೀರಿ ಕಾಯುತ್ತದೆ ಎಂಬುದೂ ನನಗೆ ಗೊತ್ತಿತ್ತು.

ತಪಸ್ಸು ಕಾಲದ ಶುಕ್ರವಾರ ಮಾಂಸ ಬಿಡುವುದು ನಮ್ಮ ನಿಯಮ. ನಾನು ಅದರ ಮೇಲೆ ತಿಂಡಿಯನ್ನೂ ಬಿಟ್ಟಿದ್ದೆ. ಹಸಿದ ಹೊಟ್ಟೆಗೆ ಸಿಟ್ಟು ಬೇಗ ಬರುತ್ತದೆ. ಪ್ರವಾದಿಗೂ ಇದು ತಿಳಿದಿತ್ತೇನೋ, ನಿಮ್ಮ ಉಪವಾಸ ಜಗಳ ಗುದ್ದಾಟದಲ್ಲಿ ಮುಗಿಯುತ್ತದೆ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಾನೆ.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡತೊಡಗಿದೆ. ಆಕೆ ಬಾಗಿಲ ಬೆಳಕಿನಲ್ಲಿ ಕುಳಿತು ಹುಕ್ ಹಾಕುತ್ತಿದ್ದಳು. ‘ನಾವು ಉಪವಾಸ ಮಾಡಿದರೂ ನೀನೇಕೆ ನೋಡುವುದಿಲ್ಲ’ ಎಂದು ಜನ ದೇವರನ್ನೇ ಕೇಳುತ್ತಾರೆ. ದೇವರ ಉತ್ತರ: ಉಪವಾಸದ ದಿನವೇ ನಿಮ್ಮ ಕೆಲಸದವರನ್ನು ಹಿಂಡುತ್ತೀರಿ. ಜೊಂಡಿನಂತೆ ತಲೆ ಬಾಗಿಸಿ, ಗೋಣಿತಟ್ಟು ಬೂದಿ ಹಾಸಿಕೊಂಡರೆ ಅದು ಉಪವಾಸವೇ? ನೊಗದ ಕಣ್ಣಿ ಬಿಚ್ಚುವುದು, ಹಸಿದವರಿಗೆ ಅನ್ನ ಹಂಚುವುದು ನಾನು ಮೆಚ್ಚುವ ಉಪವಾಸ.

ಆಕೆ ಸೂಜಿ ನಿಲ್ಲಿಸಿ ಕೇಳಿದಳು: “ಅಕ್ಕಾ, ಇದನ್ನು ಬರೆದವರು ಕೂಲಿಗೆ ಹೋಗುತ್ತಿದ್ದರೇ, ಕೂಲಿಯವರನ್ನು ಇಟ್ಟುಕೊಂಡಿದ್ದರೇ?”

ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಆಕೆಗೆ. ಬಾಬಿಲೋನಿನ ಸೆರೆಯಿಂದ ಮರಳಿ ಬಂದ ಯೆಹೂದ್ಯ ಜನರಿಗೆ ಹೇಳಿದ ಮಾತಿರಬೇಕು ಎಂದು ನಮ್ಮ ಫಾದರ್ ಒಮ್ಮೆ ತಿಳಿಸಿದ್ದನ್ನು ಹೇಳಿದೆ. ನೊಗದಿಂದ ಬಿಡುಗಡೆಯಾದವರೇ ಊರಿಗೆ ಬಂದು ಇನ್ನೊಬ್ಬರ ಕೊರಳಿಗೆ ನೊಗ ಕಟ್ಟಿದ್ದರು. ಆಕೆ “ಹೂಂ” ಎಂದು ಮತ್ತೆ ತಲೆ ತಗ್ಗಿಸಿದಳು. ನಾನು ಪುಸ್ತಕ ಮುಚ್ಚಿದೆ. ಆಗಲೇ ಹಣ ಕೊಡಬಹುದಿತ್ತು. ಕೊಡಲಿಲ್ಲ. ಆಕೆಯ ಮಾತಿನಿಂದ ಕೊಟ್ಟಂತಾಗುತ್ತದೆ ಎಂಬ ಹಟ.

ಆ ಅಧ್ಯಾಯದ ಒಂದು ಸಂಗತಿ ನನ್ನನ್ನು ಬಹಳ ದಿನದಿಂದ ಕಾಡಿದೆ. ನಜರೇತಿನ ಸಭಾಮಂದಿರದಲ್ಲಿ ಯೇಸು ಯೆಶಾಯನ ಸುರುಳಿ ಬಿಚ್ಚಿ ಓದಿದ್ದು 61ನೆಯ ಅಧ್ಯಾಯ. ಆದರೆ ಲೂಕನು ತನ್ನ ಶುಭಸಂದೇಶದಲ್ಲಿ ಬರೆದಿರುವ ಆ ಓದಿನ ನಡುವೆ 58ರ ಒಂದು ತುಂಡು ಬಂದು ಕೂತಿದೆ, ಜಜ್ಜಿಹೋದವರನ್ನು ಬಿಡಿಸಿ ಕಳುಹಿಸುವ ಮಾತು. ಪಂಡಿತರು ಏನೆನ್ನುತ್ತಾರೋ, ಹೊಲಿಗೆಯವಳಾದ ನನಗೆ ಅದು ತೇಪೆಯಲ್ಲ. ತೋಳು ಎತ್ತಿದಾಗ ರವಿಕೆ ಹರಿಯದಿರಲೆಂದು ಕಂಕುಳಲ್ಲಿ ಬೇಕೆಂದೇ ಸೇರಿಸುವ ತುಂಡು.

ಸಂಜೆ ಚರ್ಚಿನಲ್ಲಿ ಓದಿದೆ. ಕೆಲಸದವರ ವಚನ ಬಂದಾಗ ಗಂಟಲು ಕಟ್ಟಿತು. ಮೈಕ್ ಸರಿಯಿಲ್ಲವೆಂದು ಯಾರೋ ಅದನ್ನು ಮೇಲಕ್ಕೆತ್ತಿದರು. ಪೂಜೆಯ ನಂತರ ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆ ಹಾದಿಯ ಪ್ರಾರ್ಥನೆ, ಹದಿನಾಲ್ಕು ಸ್ಥಳ. ಐದನೆಯದಕ್ಕೇ ನಾನು ಹೊರಬಿದ್ದೆ. ಭಕ್ತಿಯ ಲೆಕ್ಕದಲ್ಲಿ ಇದು ತಪ್ಪೇ ಇರಬಹುದು. ಆದರೆ ಹೊತ್ತು ಮುಳುಗುವ ಮುನ್ನ ಕೂಲಿ ಕೊಡಬೇಕೆಂದು ಬೈಬಲಿನ ಧರ್ಮೋಪದೇಶ ಕಾಂಡದಲ್ಲಿದೆ, ಮತ್ತು ಹೊತ್ತು ಆಗಲೇ ಮುಳುಗಿತ್ತು.

ಆಕೆ ಒಲೆಯ ಮುಂದಿದ್ದಳು. 600 ರೂಪಾಯಿ ಕೊಟ್ಟೆ, ಕಲೆಯ ಲೆಕ್ಕ ಬೇಡ ಎಂದೆ. ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಕೃತಜ್ಞತೆಯ ಮಾತಿಗಾಗಿ ನಾನು ಒಂದು ಕ್ಷಣ ಕಾದೆನೆಂಬುದನ್ನು ಒಪ್ಪಿಕೊಳ್ಳಬೇಕು.

“ಅಕ್ಕಾ, ಹದಿನೈದು ಸಾಲುವುದಿಲ್ಲ. ಮಾರ್ಕೆಟ್ ಕಡೆ ಇಪ್ಪತ್ತು ಕೊಡುತ್ತಾರೆ.”

“ಈಸ್ಟರ್ ಕಳೆಯಲಿ, ನೋಡೋಣ” ಎಂದು ಬಾಯಿಗೆ ಬಂತು. ಅಂದೂಬಿಟ್ಟೆ.

ಈಸ್ಟರ್‌ಗೆ ಇನ್ನೂ ಆರು ವಾರವಿತ್ತು. ಹಬ್ಬದ ರವಿಕೆಗಳೆಲ್ಲ ಬರುವುದು ಆ ಆರು ವಾರಗಳಲ್ಲೇ.