ನಡೆಯದ ಪಟ್ಟಾಭಿಷೇಕದ ಒಪೆರಾ

ಪ್ರಾಗ್‌ನ ನ್ಯಾಷನಲ್ ಥಿಯೇಟರ್‌ನಲ್ಲಿ ಎಲ್ಲರ ಕಣ್ಣು ಹೋಗುವುದು ಚಿನ್ನದ ಅಲಂಕಾರದ ಕಡೆಗೆ. ನನ್ನ ಮನಸ್ಸು ಉಳಿದದ್ದು ನೆಲಮಾಳಿಗೆಯಲ್ಲಿ. ಅಲ್ಲಿ ಅಡಿಗಲ್ಲುಗಳಿವೆ. ಒಂದಲ್ಲ, ಹಲವು. 1868ರ ಮೇ 16ರ ಶಂಕುಸ್ಥಾಪನೆಗೆ ಜನ ತಮ್ಮ ತಮ್ಮ ಸೀಮೆಯಿಂದ ಮೆರವಣಿಗೆಯಲ್ಲಿ ಹೊತ್ತು ತಂದ ಕಲ್ಲುಗಳಿವು. ಜೆಕ್ಕರ ಮೂಲಪುರುಷ ಹತ್ತಿ ನಿಂತನೆಂದು ಹೇಳುವ ರ್ಝಿಪ್ ಬೆಟ್ಟದ ಕಲ್ಲಿನ ಮುಂದೆ ನಾನು ಬಹಳ ಹೊತ್ತು ನಿಂತೆ. ಒರಟು ಬಂಡೆ, ಅಷ್ಟೇ. ಆದರೆ ಅದನ್ನು ಹೊತ್ತ ಹೆಗಲುಗಳನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಆಗ ಈ ಊರಿನಲ್ಲಿ ಜೆಕ್ಕರು, ಜರ್ಮನ್ನರು, ಯಹೂದಿಗಳು ಒಟ್ಟಿಗೇ ಬಾಳುತ್ತಿದ್ದರು. ಕಚೇರಿಯಲ್ಲೂ ದೊಡ್ಡವರ ಮನೆಯಲ್ಲೂ ಜರ್ಮನ್ನಿಗೇ ಮಣೆ. ನಮ್ಮ ಮಾತಿಗೂ ಒಂದು ದೊಡ್ಡ ರಂಗಮಂದಿರ ಬೇಕೆಂದು ಜೆಕ್ಕರು ಊರೂರಲ್ಲಿ ಚಂದಾ ಎತ್ತಿದರು. ವೇದಿಕೆಯ ನೆತ್ತಿಯ ಮೇಲೆ ಇಂದಿಗೂ ಇದೆ ಬರಹ: 'ನಾರೊದ್ ಸೊಬೆ'. ನಾಡು ತನಗೆ ತಾನೇ ಕೊಟ್ಟುಕೊಂಡದ್ದು.

1867ರಲ್ಲಿ ಆಸ್ಟ್ರಿಯದ ಚಕ್ರವರ್ತಿ ಫ್ರಾನ್ಸ್ ಜೋಸೆಫ್‌ಗೆ ಹಂಗೇರಿಯ ದೊರೆಯಾಗಿ ಪಟ್ಟಾಭಿಷೇಕವಾಯಿತು. ಅವನದೇ ಆಳ್ವಿಕೆಯಲ್ಲಿದ್ದ ಜೆಕ್ಕರ ನಾಡು ಬೊಹೆಮಿಯಾದ ದೊರೆಯಾಗಿ ಇಲ್ಲೂ ಆಗಲಿ ಎಂಬ ಆಸೆ ಜೆಕ್ಕರದು. 1871ರಲ್ಲಿ ಅವನು ಮಾತನ್ನೂ ಕೊಟ್ಟ, ಅದೇ ವರ್ಷ ಅದು ಮುರಿದುಬಿತ್ತು. ಆ ಸಮಾರಂಭವನ್ನು ಮನಸ್ಸಿನಲ್ಲಿಟ್ಟುಕೊಂಡು ಜೆಕ್ ಸಂಗೀತಗಾರ ಸ್ಮೆತಾನಾ ರಚಿಸುತ್ತಿದ್ದ ಒಪೆರಾ 'ಲಿಬುಶೆ'. ನೇಗಿಲು ಹಿಡಿದವನನ್ನು ವರಿಸಿ ರಾಜವಂಶ ಕಟ್ಟಿದ ರಾಣಿಯ ಕಥೆ. ಕೃತಿ ಮುಗಿದರೂ ಅದನ್ನು ಆಡಿಸದೆ, ಈ ರಂಗಮಂದಿರ ಏಳಲೆಂದು ಆತ ಸುಮಾರು ಒಂಬತ್ತು ವರ್ಷ ಕಾದ.

1881ರ ಜೂನ್ 11. ಯುವರಾಜ ರುಡಾಲ್ಫ್‌ನ ಎದುರು 'ಲಿಬುಶೆ' ಮೊಳಗಿತು. ಅಷ್ಟರಲ್ಲಿ ಸ್ಮೆತಾನಾನ ಕಿವಿ ಪೂರ್ತಿ ಹೋಗಿತ್ತು. ತನ್ನದೇ ಕಹಳೆಗಳ ಒಂದು ಸ್ವರವೂ ಅವನಿಗೆ ಕೇಳಿಸಲಿಲ್ಲ! ಆ ಪ್ರೇಕ್ಷಾಗಾರದಲ್ಲಿ ಕೂತಾಗ ಇದೊಂದೇ ನನ್ನನ್ನು ಕಾಡಿತು. ಎರಡೇ ತಿಂಗಳಲ್ಲಿ, ಆಗಸ್ಟ್ 12ರಂದು, ಮಂದಿರಕ್ಕೆ ಬೆಂಕಿ ಬಿತ್ತು. ಜನ ಮತ್ತೆ ಹಣ ಕೂಡಿಸಿದರು. 1883ರ ನವೆಂಬರ್ 18ರಂದು ಬಾಗಿಲು ತೆರೆದದ್ದು ಮತ್ತೆ 'ಲಿಬುಶೆ'ಯಿಂದಲೇ.

ಮರುದಿನ ಕೋಟೆಗೆ ಹೋದೆ. ಸಂತ ವೀಟಸ್ ಕ್ಯಾಥೆಡ್ರಲ್‌ನ ವೆನ್ಸೆಸ್ಲಾಸ್ ಪೂಜಾಮಂದಿರವನ್ನು ಹೊಸ್ತಿಲಲ್ಲೇ ನಿಂತು ನೋಡಬೇಕು. ಅದರ ಮೂಲೆಯಲ್ಲೊಂದು ಬಾಗಿಲು. ಆಚೆಗೆ ಬೊಹೆಮಿಯಾದ ಕಿರೀಟವಿರುವ ಕೋಣೆ, ಅದಕ್ಕೆ ಏಳು ಬೀಗ. ಕಿರೀಟ ಕೊನೆಯದಾಗಿ ದೊರೆಯೊಬ್ಬನ ತಲೆಗೇರಿದ್ದು 1836ರಲ್ಲಿ. ಏಳು ಬೀಗದ ಕೈಗಳು ಏಳು ಜನರ ಬಳಿ ಇವೆ. ಅವರಲ್ಲೊಬ್ಬರು ದೇಶದ ಅಧ್ಯಕ್ಷರು. ರಾಷ್ಟ್ರೀಯ ಸಮಾರಂಭಗಳಿಗೆ ಅಧ್ಯಕ್ಷರು ಬರುವಾಗ ಮೊಳಗುವುದು 'ಲಿಬುಶೆ'ಯ ಕಹಳೆ.