ಕಳಿಸಿದೆವೋ, ಕಳಿಸುತ್ತೇವೋ?

ಹಾಸನದಲ್ಲಿ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಎಕ್ಸ್‌ಪೋರ್ಟ್ ಪೇಪರ್ ಕೆಲಸ ನನ್ನದು. ಹೋದ ಜನವರಿಯ ಒಂದು ಮಧ್ಯಾಹ್ನ ನೆನಪಾದರೆ ಈಗಲೂ ಹೊಟ್ಟೆ ಹಿಂಡಿದ ಹಾಗಾಗುತ್ತದೆ.

ಸ್ಪೇನ್‌ನ ಬಯರ್‌ಗೆ ರೋಬಸ್ಟಾ ಪಾರ್ಚ್‌ಮೆಂಟ್ ಎಬಿ ಗ್ರೇಡಿನ ಕಾಫಿ ಲಾಟಿನ ಸ್ಯಾಂಪಲ್ ಹೋಗಬೇಕಿತ್ತು. ಅದಿನ್ನೂ ಗಾರ್ಬ್ಲಿಂಗ್ ಟೇಬಲ್ ಮೇಲೆ, ಅಂದರೆ ಕೆಟ್ಟ ಬೀಜ ಕೈಯಿಂದ ಆರಿಸುವ ಮೇಜಿನ ಮೇಲಿತ್ತು. ನಾನು ಮೇಲ್‌ನಲ್ಲಿ ಸ್ಪ್ಯಾನಿಷ್‌ನಲ್ಲಿ ‘ಎನ್ವಿಯಾಮೊಸ್ ಲಾ ಮ್ವೆಸ್ತ್ರಾ’ ಎಂದು ಬರೆದೆ. ನನ್ನ ತಲೆಯಲ್ಲಿದ್ದದ್ದು ‘ಸ್ಯಾಂಪಲ್ ಕಳಿಸುತ್ತೇವೆ’. ನಮ್ಮಲ್ಲಿ ದಿನಾ ಕಳಿಸುವುದಕ್ಕೂ ನಾಳೆ ಕಳಿಸುವುದಕ್ಕೂ ಅದೇ ಮಾತು ಸಾಕು, ಅಲ್ವಾ? ಐದು ತಿಂಗಳು ಸ್ಪ್ಯಾನಿಷ್ ಕಲಿತ ಧೈರ್ಯ. ಯಾರಿಗೂ ತೋರಿಸಲಿಲ್ಲ.

ಎಂಟು ದಿನ ಬಿಟ್ಟು ವೀಡಿಯೊ ಕಾಲ್. ನಮಗೆ 2.30, ಅವರಿಗೆ ಬೆಳಿಗ್ಗೆ 10. ಬಯರ್ ಕಡೆಯ ಮೇಡಂ ಮೊದಲು ಕೇಳಿದ್ದೇ ಕೊರಿಯರ್ ನಂಬರ್. ಮ್ಯಾನೇಜರ್ ನನ್ನ ಕಡೆ ತಿರುಗಿದರು. ‘ಇನ್ನೂ ಕಳಿಸಿಲ್ಲ ಸರ್’ ಅಂದೆ. ಅಷ್ಟರಲ್ಲಿ ಮೇಡಂ ನನ್ನ ಮೇಲನ್ನೇ ಸ್ಕ್ರೀನ್ ಮೇಲೆ ತೆರೆದು, ‘ಎನ್ವಿಯಾಮೊಸ್’ ಅನ್ನುವ ಆ ಒಂದು ಪದದ ಮೇಲೆ ಹಳದಿ ಬಣ್ಣ ಹಚ್ಚಿದರು. ಅವರು ಅದನ್ನು ‘ಕಳಿಸಿದೆವು’ ಎಂದು ಓದಿಕೊಂಡು, ಕಪ್ಪಿಂಗ್‌ಗೆ, ಅಂದರೆ ಕಾಫಿಯ ರುಚಿ ನೋಡುವುದಕ್ಕೆ, ದಿನವನ್ನೂ ಗೊತ್ತು ಮಾಡಿದ್ದರು. ಯಾರೂ ದನಿ ಏರಿಸಲಿಲ್ಲ. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು. ಸ್ಕ್ರೀನ್ ಮೇಲಿನ ಆ ಹಳದಿ ಪಟ್ಟಿ ನೋಡುತ್ತಾ ಕೂತಿದ್ದೆ.

ವಿಷಯ ಇಷ್ಟೇ. ‘ಎನ್ವಿಯಾರ್’ (ಕಳಿಸು) ಥರ ‘ಆರ್’ ಎಂದು ಮುಗಿಯುವ ಕ್ರಿಯಾಪದಗಳಲ್ಲಿ ‘ನಾವು’ ರೂಪ ವರ್ತಮಾನಕ್ಕೂ ಭೂತಕಾಲಕ್ಕೂ ಒಂದೇ. ದಿನ ಹೇಳದಿದ್ದರೆ ಓದುವವರು ಊಹಿಸಬೇಕು. ‘ನಾನು’ ರೂಪದಲ್ಲಿ ಈ ಗೊಂದಲ ಇಲ್ಲ: ‘ಎನ್ವೀಯೊ’ ಅಂದರೆ ಕಳಿಸುತ್ತೇನೆ, ‘ಎನ್ವಿಯೆ’ ಅಂದರೆ ಕಳಿಸಿದೆ. ಆದರೆ ‘ಎನ್ವಿಯೋ’ ಎಂದು ಕೊನೆಯಲ್ಲಿ ಒತ್ತಿದರೆ ಅವನೋ ಅವಳೋ ಕಳಿಸಿದ್ದು. ಬರವಣಿಗೆಯಲ್ಲಿ ಅಕ್ಷರದ ನೆತ್ತಿಯ ಮೇಲಿನ ಒಂದು ಗೀಟು ಜಾಗ ಬದಲಿಸುತ್ತದೆ, ಅಷ್ಟೇ.

ಅವತ್ತಿನಿಂದ ಸಂಜೆ ಬೇಲೂರು ಬಸ್ಸಿನಲ್ಲಿ ಕೂತು, ಮಾಡಿ ಮುಗಿಸಿದ ಕೆಲಸಗಳನ್ನೇ ಹೇಳಿಕೊಳ್ಳುತ್ತೇನೆ. ‘ಮೆ ಲೆವಾಂತೆ’, ಎದ್ದೆ. ‘ಮೆ ಲಾವೆ ಲಾ ಕಾರಾ’, ಮುಖ ತೊಳೆದೆ. ‘ತೊಮೆ ಕಫೆ’, ಕಾಫಿ ಕುಡಿದೆ. ‘ಫುಯಿ’ ಅಂದರೆ ಹೋದೆ, ‘ಇದ್ದೆ’ಗೂ ಅದೇ ಪದ ಬರುತ್ತದೆ. ಸ್ಪೇನ್‌ನಲ್ಲಿ ಇವತ್ತು ಮಾಡಿದ್ದಕ್ಕೆ ಜಾಸ್ತಿ ‘ಎ ತೊಮಾದೊ’ ಅನ್ನುತ್ತಾರೆ, ನಮ್ಮ ‘ಕುಡಿದಿದ್ದೇನೆ’ ಇದ್ದ ಹಾಗೆ. ನಿನ್ನೆಯದಾದರೆ ‘ತೊಮೆ’. ಲ್ಯಾಟಿನ್ ಅಮೆರಿಕದ ಬಹುಪಾಲು ಕಡೆ ಇವತ್ತಿನದಕ್ಕೂ ‘ತೊಮೆ’ ಸಾಕು. ಕನ್ನಡದಲ್ಲಿ ‘ಕುಡಿದೆ’, ‘ಕುಡಿದಿದ್ದೇನೆ’ ಎರಡನ್ನೂ ದಿನವಿಡೀ ಬಳಸುವ ನನಗೆ ಇದು ಬೇಗ ಹತ್ತಿತು. ವ್ಯಾಕರಣದ ಪಟ್ಟಿ ಬಾಯಿಪಾಠ ಮಾಡಿದಾಗ ಹತ್ತಿರಲಿಲ್ಲ.

ಆಫೀಸಿನವರದು ಒಂದೇ ಮಾತು: ‘ಫೋನಿನಲ್ಲಿ ಟ್ರಾನ್ಸ್‌ಲೇಟ್ ಹಾಕಿ.’ ಫೋನ್ ‘ಎನ್ವಿಯಾಮೊಸ್’ಗೆ ಒಂದೇ ಅರ್ಥ ತೋರಿಸಿ ಸುಮ್ಮನಾಗುತ್ತದೆ, ಇನ್ನೊಂದಿದೆ ಅಂತ ಹೇಳುವುದೇ ಇಲ್ಲ. ಸ್ಪ್ಯಾನಿಷ್ ಕ್ಲಾಸಿನ ಫೀ ಕೊಡಿ ಎಂದು ಆಫೀಸಿನಲ್ಲಿ ಮೂರು ಸಲ ಕೇಳಿದೆ. ವಿದೇಶಿ ಬಯರ್ ಬೇಕು, ಅವರ ಭಾಷೆಗೆ ಖರ್ಚು ಮಾತ್ರ ಬೇಡ ಅಂದರೆ ಹೇಗೆ?

ಆ ವೀಡಿಯೊ ಕಾಲ್‌ನ ಮರುದಿನವೇ ಸ್ಯಾಂಪಲ್ ಹೊರಟಿತು. ಕೊರಿಯರ್ ಚೀಟಿ ಕೈಗೆ ಬರುವ ತನಕ ಕಾದು, ಆಮೇಲೆ ‘ಒಯ್ ಎಮೊಸ್ ಎನ್ವಿಯಾದೊ’, ಇವತ್ತು ಕಳಿಸಿದ್ದೇವೆ ಎಂದು ಬರೆದೆ. ಕೆಳಗೆ ಕೊರಿಯರ್ ನಂಬರ್ ಹಾಕಿದೆ.