ಹ್ಯಾನೆಮನ್ ಗಿಟಾರ್, ಭಾಗ 4: ಕೊನೆಗೂ ಶ್ರುತಿ ನಿಂತಿತು

ಸ್ಲೇಯರ್ ಎಂಬ ಥ್ರ್ಯಾಶ್ ಮೆಟಲ್ ಬ್ಯಾಂಡ್‌ನ ಗಿಟಾರಿಸ್ಟ್ ಜೆಫ್ ಹ್ಯಾನೆಮನ್ ಹೆಸರಲ್ಲಿ ನಾನೇ ಜೋಡಿಸುತ್ತಿರುವ ಗಿಟಾರ್ ಇದು. ಬಾರ್ (ಶ್ರುತಿ ಏರಿಳಿಸಲು ಬ್ರಿಡ್ಜ್‌ಗೆ ಸಿಕ್ಕಿಸುವ ಕಡ್ಡಿ) ಪೂರ್ತಿ ಒತ್ತಿ, ತಂತಿಗಳೆಲ್ಲ ಜೋತುಬಿದ್ದು, ಕೈ ಬಿಟ್ಟರೆ ಆರೂ ತಂತಿ ಮತ್ತೆ ಇ ಫ್ಲ್ಯಾಟ್ ಟ್ಯೂನಿಂಗ್‌ಗೇ (ಮಾಮೂಲಿಗಿಂತ ಅರ್ಧ ಸ್ವರ ಕೆಳಗಿನ ಶ್ರುತಿ) ವಾಪಸ್ ಬರುತ್ತಿವೆ. ಟ್ಯೂನರ್ ನಂಬದೆ ಇನ್ನೊಂದು ಟ್ಯೂನರ್ ಹಾಕಿ ನೋಡಿದೆ. ಅದೂ ಹಸಿರು.

ಬಾಡಿ, ಫ್ರೆಟ್ ಕೆಲಸದ ಬಗ್ಗೆ ಈ ಸಲ ಏನೂ ಬರೆಯುವುದಿಲ್ಲ. ಬಣ್ಣ ಕಪ್ಪು, ಇನ್ಯಾವ ಬಣ್ಣ ಹಾಕೋದು! ತಲೆ ತಿಂದಿದ್ದು ಬ್ರಿಡ್ಜ್ ಒಂದೇ, ಅಂದರೆ ಬಾಡಿ ಮೇಲೆ ತಂತಿಗಳನ್ನು ಹಿಡಿದಿಡುವ ಲೋಹದ ಭಾಗ.

ಮೊದಲು ಹಾಕಿದ್ದು ಫ್ಲಾಯ್ಡ್ ರೋಸ್ ಮಾದರಿಯದು, ಮೇಲೂ ಕೆಳಗೂ ಆಡುವ ಹಾಗೆ ಫ್ಲೋಟಿಂಗ್. ಸೋಲೋ ಚೆನ್ನಾಗಿಯೇ ಬರುತ್ತಿತ್ತು. ಸ್ಲೇಯರ್‌ನ 'ರೇನಿಂಗ್ ಬ್ಲಡ್' ಹಾಡಿನ ರಿಫ್‌ಗೆ (ಮತ್ತೆ ಮತ್ತೆ ಬರುವ ಗಿಟಾರ್ ಸಾಲಿಗೆ) ಕೈ ಹಾಕಿದಾಗ ಗ್ರಹಚಾರ ಶುರುವಾಯಿತು. ಪಾಮ್ ಮ್ಯೂಟ್ ಮಾಡಲು, ಅಂದರೆ ತಂತಿಯ ಸದ್ದು ಅದುಮಿ ನುಡಿಸಲು, ಅಂಗೈ ಬ್ರಿಡ್ಜ್ ಮೇಲೇ ಇರಬೇಕು ಅಲ್ವಾ? ಸ್ವಲ್ಪ ಭಾರ ಬಿದ್ದರೂ ಫ್ಲೋಟಿಂಗ್ ಬ್ರಿಡ್ಜ್ ಹಿಂದಕ್ಕೆ ವಾಲುತ್ತದೆ, ತಂತಿ ಬಿಗಿಯುತ್ತದೆ, ಶ್ರುತಿ ಏರುತ್ತದೆ. ಮೆಲ್ಲಗೆ ಕೈ ಇಟ್ಟು ನುಡಿಸಿದರೆ ಶ್ರುತಿ ಸರಿ ಇರುತ್ತದೆ, ಆದರೆ ಮೆಲ್ಲಗೆ ನುಡಿಸಿದ ಸ್ಲೇಯರ್ ಯಾರಿಗೆ ಬೇಕು? ಒಳಗೆ ಮರದ ತುಂಡು ಇಟ್ಟು ಬ್ಲಾಕ್ ಮಾಡಿದೆ. ಶ್ರುತಿ ನಿಂತಿತು. ಬಾರ್ ಮಾತ್ರ ಕೆಳಕ್ಕಷ್ಟೇ ಹೋಗುತ್ತದೆ, ಮೇಲಕ್ಕೆ ಎಳೆದು ಕಿರುಚಿಸುವುದು ಬಂದ್. ಹ್ಯಾನೆಮನ್ ಹೆಸರಿಟ್ಟುಕೊಂಡು ಕಿರುಚದ ಗಿಟಾರ್ ಮಾಡಿದರೆ ಪಾಪ ಸುತ್ತಿಕೊಳ್ಳುತ್ತದೆ.

ಹಾಗಾಗಿ ಕಾಹ್ಲರ್ ಕಂಪನಿಯ ಬ್ರಿಡ್ಜ್‌ಗೇ ಹೋದೆ. ಹ್ಯಾನೆಮನ್‌ನ ಇಎಸ್‌ಪಿ ಕಂಪನಿಯ ಗಿಟಾರ್‌ಗಳಲ್ಲಿ ಇದ್ದದ್ದೂ ಅದೇ. ಇದರಲ್ಲಿ ತಂತಿಗಳು ಸಣ್ಣ ರೋಲರ್‌ಗಳ ಮೇಲೆ ಹಾಯ್ದು ಹಿಂದಿರುವ ಕ್ಯಾಮ್‌ಗೆ (ತಿರುಗುವ ಉರುಳೆಗೆ) ಸೇರುತ್ತವೆ. ಬಾರ್ ಒತ್ತಿದರೆ ಕ್ಯಾಮ್ ತಿರುಗುತ್ತದೆ. ಆ ರೋಲರ್‌ಗಳಿರುವ ಸ್ಯಾಡಲ್‌ಗಳು ಕೂತ ಪ್ಲೇಟ್ ಅಲ್ಲಾಡುವುದೇ ಇಲ್ಲ. ಅಂಗೈಯ ಪೂರ್ತಿ ಭಾರ ಸ್ಯಾಡಲ್ ಮೇಲೆ ಹಾಕಿ, ಏನೂ ಆಗಲ್ಲ.

ಪಾರ್ಸೆಲ್ ಕಥೆ ಬೇರೆ. ಕಸ್ಟಮ್ಸ್ ಸುಂಕ ಕಟ್ಟಿ ಡಬ್ಬಿ ಬಿಚ್ಚಿದರೆ ಒಂದು ರೋಲರ್ ಇಲ್ಲ. 'ಸ್ಟಾಕ್ ಬಂದ ಮೇಲೆ ಕಳಿಸುತ್ತೇವೆ' ಎಂದು ಉತ್ತರ. ಅದು ಬರುವಷ್ಟರಲ್ಲಿ ತಂತಿಗಳಿಗೆ ತುಕ್ಕು ಹಿಡಿದಿತ್ತು.

ಎಲ್ಲ ಜೋಡಿಸಿದ ಮೇಲೂ ಮೂರನೇ ತಂತಿ ಹಟ ಬಿಡಲಿಲ್ಲ. ಬಾರ್ ಬಿಟ್ಟ ಮೇಲೆ ಪ್ರತಿ ಸಲ ಸ್ವಲ್ಪ ಏರಿಯೇ ನಿಲ್ಲುತ್ತಿತ್ತು. ಶ್ರುತಿ ಮಾಡುವ ಕೀ ತಿರುಗಿಸಿದರೆ ಹೆಡ್‌ಸ್ಟಾಕ್ (ಗಿಟಾರ್‌ನ ತಲೆ) ಕಡೆಯಿಂದ 'ಟಿಣ್' ಎಂಬ ಸಣ್ಣ ಸದ್ದು. ಏರಿ ನಿಂತಾಗ ಆ ತಂತಿಯನ್ನು ಉಗುರಿನಿಂದ ನಟ್‌ನ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿಗಳು ಹಾಯುವ ಪಟ್ಟಿ) ಸೀಳಿನಿಂದ ಮೇಲೆತ್ತಿ ಮತ್ತೆ ಕೂರಿಸಿದೆ. ತಕ್ಷಣ ಸರಿಯಾಯಿತು. ಕಾಹ್ಲರ್‌ದು ಏನೂ ತಪ್ಪಿಲ್ಲ. ಬಾರ್ ಒತ್ತಿದಾಗ ಹೆಡ್‌ಸ್ಟಾಕ್ ಕಡೆ ಜಾರಿದ ತಂತಿ ವಾಪಸ್ ಬರುವಾಗ ನಟ್‌ನಲ್ಲಿ ಸಿಕ್ಕಿಕೊಳ್ಳುತ್ತಿತ್ತು. 'ಗ್ರಾಫೈಟ್ ನಟ್' ಎಂದು ಮಾರಿದ ಪುಣ್ಯಾತ್ಮ ಕೊಟ್ಟಿದ್ದು ಕಪ್ಪು ಪ್ಲಾಸ್ಟಿಕ್, ಅದರ ಸೀಳುಗಳೂ ಸಣ್ಣ ತಂತಿಗೆ ಕೊರೆದವು. ನನ್ನದು ಅದಕ್ಕಿಂತ ದಪ್ಪದ 10-46 ಸೆಟ್.

ನಟ್ ಫೈಲ್ ಸೆಟ್‌ನ ಬೆಲೆ ನೋಡಿ ಸುಮ್ನೆ ಹಾರ್ಡ್‌ವೇರ್ ಅಂಗಡಿಗೆ ನಡೆದೆ. ಗ್ಯಾಸ್ ವೆಲ್ಡಿಂಗ್ ನಾಜಲ್ ಕ್ಲೀನರ್ ಕೇಳಿ. ಚಾಕುವಿನ ಹಾಗೆ ಮಡಚುವ ಡಬ್ಬಿಯಲ್ಲಿ ಸಾಲಾಗಿ ಒರಟು ಕಡ್ಡಿಗಳಿರುತ್ತವೆ, ಬೇರೆ ಬೇರೆ ದಪ್ಪದವು. ತಂತಿಗಿಂತ ಒಂದು ಕೂದಲು ದಪ್ಪದ ಕಡ್ಡಿ ಆರಿಸಿ, ಹೆಡ್‌ಸ್ಟಾಕ್ ಕಡೆಗೆ ಇಳಿಜಾರಾಗಿ ನಿಧಾನಕ್ಕೆ ಉಜ್ಜಿ. ಆಳ ಮಾಡಬೇಡಿ, ಅಗಲ ಸಾಕು. ಆಮೇಲೆ ಪೆನ್ಸಿಲ್ ಸೀಸದ ಪುಡಿ. 'ಟಿಣ್' ಹೋಯಿತು.

ಗಿಟಾರ್ ಜಾಮ್ ರೂಮ್‌ಗೆ ಹೋದದ್ದೇ ತಡ, ಹಳೇ ಜಗಳ ಶುರು. ನಮ್ಮ ಡ್ರಮ್ಮರ್ ಪ್ರಕಾರ 2013ರ ಮೇ 2ರಂದು ಹ್ಯಾನೆಮನ್ ಸತ್ತ, ಸ್ಲೇಯರ್ ಕೂಡ ಅವತ್ತೇ ಸತ್ತಿತು. 2015ರ ಆಲ್ಬಮ್ 'ರಿಪೆಂಟ್‌ಲೆಸ್' ಅವನ ಲೆಕ್ಕಕ್ಕೇ ಇಲ್ಲ. ಬೇಸ್ ನುಡಿಸುವವನು ಗ್ಯಾರಿ ಹೋಲ್ಟ್ ಪಕ್ಷ. ಜೇಡ ಕಚ್ಚಿ ಹ್ಯಾನೆಮನ್‌ನ ಕೈ ಕೆಟ್ಟ 2011ರಿಂದ ಆ ಜಾಗದಲ್ಲಿ ನಿಂತು ಬ್ಯಾಂಡ್ ಉಳಿಸಿದ್ದೇ ಎಕ್ಸೋಡಸ್ ಬ್ಯಾಂಡ್‌ನಿಂದ ಬಂದ ಗಿಟಾರಿಸ್ಟ್ ಹೋಲ್ಟ್ ಅಂತಾನೆ. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಬಂದ ಸ್ಲೇಯರ್‌ನಲ್ಲೂ ಹೋಲ್ಟ್ ಇದ್ದ. ಇಲ್ಲಿ ಅವತ್ತು ಕುತ್ತಿಗೆ ಮುರಿಯುವಂತೆ ತಲೆ ಅಲ್ಲಾಡಿಸಿದ ನಾವ್ಯಾರೂ ಹ್ಯಾನೆಮನ್‌ನನ್ನು ನೋಡಿದವರಲ್ಲ. ಅದೇ ಡ್ರಮ್ಮರ್ ಅವತ್ತು ಮೂರು ದಿನ ಕಿವಿ ಕೇಳಿಸದೆ ಓಡಾಡಿದ್ದ, ಆಗ ಬ್ಯಾಂಡ್ ಅರ್ಧ ಸತ್ತಿದೆ ಅನ್ನಲಿಲ್ಲ.

ಇಬ್ಬರೂ ಸೋಲೋಗಳ ಮೇಲೇ ಜಗಳ ಆಡುತ್ತಾರೆ. ಹೋಲ್ಟ್‌ನದು ಕ್ಲೀನ್, ಹ್ಯಾನೆಮನ್‌ನದು ಗಲಾಟೆ, ಇಲ್ಲ ಆ ಗಲಾಟೆಯೇ ಸ್ಲೇಯರ್, ಹೀಗೆ. ಇಷ್ಟು ದಿನ ಈ ಬ್ರಿಡ್ಜ್ ಜೊತೆ ಗುದ್ದಾಡಿದ ನನಗೆ ಇದು ರಿಫ್ ಬಾರಿಸುವ ಬಲಗೈಯ ವಿಷಯ ಅನ್ನಿಸುತ್ತದೆ. 'ರೇನಿಂಗ್ ಬ್ಲಡ್', 'ಏಂಜೆಲ್ ಆಫ್ ಡೆತ್', 'ಸೌತ್ ಆಫ್ ಹೆವನ್', 'ಡೆಡ್ ಸ್ಕಿನ್ ಮಾಸ್ಕ್', ಎಲ್ಲದರ ಸಂಗೀತ ಹ್ಯಾನೆಮನ್‌ನದೇ. ಹಾರ್ಡ್‌ಕೋರ್ ಪಂಕ್ ಹುಚ್ಚನ್ನು ಬ್ಯಾಂಡ್‌ಗೆ ಅಂಟಿಸಿದವನೂ ಅವನೇ. ಅದಕ್ಕೇ 1986ರ ಆಲ್ಬಮ್ 'ರೇನ್ ಇನ್ ಬ್ಲಡ್' ಹತ್ತು ಹಾಡಿನಲ್ಲಿ, ಹೆಚ್ಚುಕಮ್ಮಿ 29 ನಿಮಿಷಕ್ಕೆ ಮುಗಿಯುತ್ತದೆ. ಸೋಲೋ ಹೋಲ್ಟ್ ನುಡಿಸಲಿ, ನಾನು ಕೆಟ್ಟದಾಗಿ ನುಡಿಸಲಿ, ಆ ರಿಫ್ ನಿಂತೇ ಇರುತ್ತದೆ. ಆದರೆ ಅಂಥ ಹೊಸ ರಿಫ್ ಬರೆಯಲು ಅವನಿಲ್ಲ. 'ರಿಪೆಂಟ್‌ಲೆಸ್'ನಲ್ಲಿ ಅವನು ಬಿಟ್ಟುಹೋದ ಹಾಡು 'ಪಿಯಾನೋ ವೈರ್' ಒಂದೇ. ಸ್ಲೇಯರ್ 2019ರಲ್ಲಿ ವಿದಾಯ ಹೇಳಿ 2024ರಲ್ಲಿ ಮತ್ತೆ ಸ್ಟೇಜ್ ಹತ್ತಿದ್ದಕ್ಕೆ ನನ್ನ ತಕರಾರಿಲ್ಲ. ಹೊಸ ಆಲ್ಬಮ್ ಅಂದರೆ ಮಾತ್ರ ನಾನು ಡ್ರಮ್ಮರ್ ಪಕ್ಷ.

ಇಎಂಜಿ 81 ಮತ್ತು 85 ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಬಂದಿವೆ. 9 ವೋಲ್ಟ್ ಬ್ಯಾಟರಿಗೆ ಒಳಗೆ ಜಾಗ ಸಾಲುತ್ತಿಲ್ಲ, ಒಂದಿಷ್ಟು ಮರ ಕೆರೆಯಬೇಕು. ಅದು ಭಾಗ 5.

ಅದಕ್ಕಿಂತ ಮೊದಲು ಇನ್ನೊಂದು ಹುಚ್ಚು ತಲೆಗೆ ಹತ್ತಿದೆ: ಮಳೆ ಪೆಡಲ್. 'ರೇನಿಂಗ್ ಬ್ಲಡ್' ಶುರುವಿನ ಗುಡುಗು ಮಳೆ ಸದ್ದನ್ನು ಕಾಲಲ್ಲೇ ಒತ್ತಿ ಬಿಡಬೇಕು. ಎಸ್‌.ಪಿ. ರೋಡ್‌ನಿಂದ ಎಂಪಿ3 ಮಾಡ್ಯೂಲ್, ಫುಟ್‌ಸ್ವಿಚ್ ತಂದಾಯಿತು. ಸದ್ದು ಮಾತ್ರ ನಮ್ಮದೇ ಇರಲಿ ಎಂದು ತಾರಸಿಯ ಜಿಂಕ್ ಶೀಟ್ ಕೆಳಗೆ ಮೈಕ್ ಇಟ್ಟು ರೆಕಾರ್ಡ್ ಮಾಡಿದೆ. ಮಳೆ ಅದ್ಭುತವಾಗಿದೆ. ನಡುವೆ ಪಕ್ಕದ ಮನೆಯ ಕುಕ್ಕರ್ ವಿಷಲ್ ಹಾಕಿದೆ. ತೆಗೆಯಬೇಡ, ಅದೇ ಕೌಂಟ್-ಇನ್ (ಹಾಡು ಶುರುವಾಗುವ ಮುಂಚಿನ ಎಣಿಕೆ) ಅಂತಾನೆ ಡ್ರಮ್ಮರ್.